ಬೆಳಗಾವಿಯ ಹವೆಯಲ್ಲಿ ಗಿಟಾರ್ ಕಟ್ಟುವುದು: ಕಟ್ಟಿಗೆ, ತೇವ, ದಪ್ಪ

ಜುಲೈ ತಿಂಗಳಲ್ಲಿ ಬೆಳಗಾವಿಯಲ್ಲಿ ಅಂಟಿಸಿ ಮುಗಿಸಿದ ಗಿಟಾರು ಮುಂದಿನ ಏಪ್ರಿಲ್‌ನಲ್ಲಿ ವಿಜಯಪುರದ ಯಾವುದೋ ಮನೆಯ ಗೋಡೆಗೆ ತೂಗುತ್ತಿದ್ದರೆ, ಅದರ ಮೇಲ್ಹಲಗೆ ಸೀಳುವುದು ಹೆಚ್ಚುಕಡಿಮೆ ಖಾತ್ರಿ. ಕಟ್ಟಿಗೆ ಎಷ್ಟೇ ತುಟ್ಟಿಯದಿರಲಿ, ಕಟ್ಟಿದವರ ಕೈ ಎಷ್ಟೇ ಪಳಗಿರಲಿ. ಎರಡು ಊರುಗಳ ನಡುವೆ ಇರುವುದು ಸುಮಾರು 200 ಕಿಲೋಮೀಟರ್ ದಾರಿ. ಆದರೆ ಇಲ್ಲಿ ಮಳೆಗಾಲದಲ್ಲಿ ಗಾಳಿಯ ತೇವ ಶೇ 85 ದಾಟಿದರೆ ದಿನಗಟ್ಟಲೆ ಇಳಿಯುವುದಿಲ್ಲ, ಅಲ್ಲಿ ಬೇಸಿಗೆಯ ಮಧ್ಯಾಹ್ನ ಶೇ 25ರ ಕೆಳಗೆ ಹೋಗುತ್ತದೆ. ಯಾವ ಕಟ್ಟಿಗೆಯಿಂದ ಒಳ್ಳೆಯ ದನಿ ಬರುತ್ತದೆ ಎಂದು ಕೇಳುವವರು ಬಹಳ ಮಂದಿ. ಆ ಕಟ್ಟಿಗೆ ಎಷ್ಟು ಒಣಗಿದೆ ಎಂದು ಕೇಳುವವರು ಕಡಿಮೆ. ನಮ್ಮ ಭಾಗದಲ್ಲಿ ಮೊದಲು ಕೇಳಬೇಕಾದದ್ದು ಅದನ್ನೇ.

ಲೆಕ್ಕ ಹೀಗೆ. ಸುಮಾರು 25 ಡಿಗ್ರಿ ಶಾಖದಲ್ಲಿ ಗಾಳಿಯ ತೇವ ಶೇ 45 ಇದ್ದರೆ ಕಟ್ಟಿಗೆಯೊಳಗಿನ ನೀರಿನಂಶ ಶೇ 8.5ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಗಾಳಿಯ ತೇವ ಶೇ 85 ಆದರೆ ಅದು 17-18. ಶೇ 25 ಆದರೆ ಐದರ ಹತ್ತಿರ. ಮೇಲ್ಹಲಗೆಗೆ ಬಳಸುವ ಸ್ಪ್ರೂಸ್ ಎಂಬ ಹಗುರ ಮರದ, ನೆಟ್ಟಗಿನ ಗೆರೆಯ ಹಲಗೆಯ ನೀರಿನಂಶ ಶೇ 1 ಇಳಿದರೆ ಅದರ ಅಗಲ ಸುಮಾರು ಶೇ 0.15 ಕುಗ್ಗುತ್ತದೆ. ಗಿಟಾರಿನ ಕೆಳಹೊಟ್ಟೆಯ ಅಗಲ 380 ಮಿಮೀ ಎಂದುಕೊಳ್ಳಿ. ಶೇ 17ರಲ್ಲಿ ಅಂಟಿಸಿದ ಹಲಗೆ ಶೇ 5ಕ್ಕೆ ಒಣಗಿದರೆ 380 × 0.0015 × 12, ಅಂದರೆ ಏಳು ಮಿಮೀ ಹತ್ತಿರ ಕುಗ್ಗಬೇಕು. ಆದರೆ ಒಳಗೆ ಅಡ್ಡಲಾಗಿ ಅಂಟಿಸಿದ ಬ್ರೇಸ್ ಎಂಬ ಆಧಾರಪಟ್ಟಿಗಳು ಉದ್ದದ ದಿಕ್ಕಿನಲ್ಲಿ ಕುಗ್ಗುವುದೇ ಇಲ್ಲ, ಹಲಗೆಯನ್ನೂ ಬಿಡುವುದಿಲ್ಲ. ಹಲಗೆಗೆ ಉಳಿಯುವುದು ಸೀಳುವ ದಾರಿ ಒಂದೇ. ಅದೇ ಹಲಗೆಯನ್ನು ಶೇ 8.5ರಲ್ಲಿ ಅಂಟಿಸಿದ್ದರೆ ಕುಗ್ಗಬೇಕಾದದ್ದು ಬರೀ ಎರಡು ಮಿಮೀ. ಹಲಗೆಗೆ ಕೊಟ್ಟ ಉಬ್ಬು ಸ್ವಲ್ಪ ಇಳಿದು ಅಷ್ಟನ್ನು ತಾಳಿಕೊಳ್ಳುತ್ತದೆ.

ಹೀಗಾಗಿ ಬೆಳಗಾವಿಯಲ್ಲಿ ಕೆಲಸಕ್ಕೆ ಋತು ಇದೆ. ನವೆಂಬರ್‌ನಿಂದ ಫೆಬ್ರವರಿಯವರೆಗೆ ಬ್ರೇಸ್ ಅಂಟಿಸುವುದು, ಪೆಟ್ಟಿಗೆ ಮುಚ್ಚುವುದು. ಮಳೆಗಾಲದಲ್ಲಿ ನೆಕ್ (ಗಿಟಾರಿನ ಕತ್ತು) ಕೆತ್ತುವುದು, ಅಚ್ಚು ಮತ್ತು ಜಿಗ್ ಮಾಡಿಕೊಳ್ಳುವುದು, ಪಕ್ಕದ ಪಟ್ಟಿ ಬಾಗಿಸುವುದು. ಮಳೆಗಾಲದಲ್ಲೂ ಅಂಟಿಸಲೇಬೇಕು ಎನ್ನುವವರು ಹತ್ತಡಿ-ಹತ್ತಡಿಯ ಒಂದು ಕೋಣೆಯ ಕಿಟಕಿ ಬಾಗಿಲ ಸಂದು ಮುಚ್ಚಿ ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್ ಇಡಬೇಕು. ತೇವ ತೋರಿಸುವ ಹೈಗ್ರೋಮೀಟರ್ ಅಗ್ಗಕ್ಕೆ ಸಿಗುತ್ತದೆ, ಆದರೆ ಅಗ್ಗದವು ಹತ್ತು ಅಂಕಿಯಷ್ಟು ತಪ್ಪು ತೋರಿಸುವುದುಂಟು. ಪರೀಕ್ಷೆ ಸುಲಭ: ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಒದ್ದೆ ಮರಳಿನಷ್ಟು ಹದಕ್ಕೆ ನೀರು ಬೆರೆಸಿ, ಮೀಟರ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಎಂಟು ಗಂಟೆ ಮುಚ್ಚಿಡಿ. ಒಳಗೆ ತೇವ ಶೇ 75ಕ್ಕೆ ಬಂದು ನಿಲ್ಲುತ್ತದೆ. ಮೀಟರ್ 81 ತೋರಿಸಿದರೆ ಮುಂದೆ ಪ್ರತಿ ಸಲ ಆರು ಕಳೆದು ಓದಿಕೊಳ್ಳಿ.

ಹಲಗೆ ಒಣಗಿತೋ ಇಲ್ಲವೋ ಎಂದು ತಿಳಿಯಲು ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ನಾಲ್ಕೈದು ಮಿಮೀ ದಪ್ಪಕ್ಕೆ ಸೀಳಿಸಿದ ಹಲಗೆಗಳ ನಡುವೆ ಒಂದೇ ದಪ್ಪದ ಸಣ್ಣ ಪಟ್ಟಿಗಳನ್ನಿಟ್ಟು ಪೇರಿಸಿ, ಮೇಲೆ ಭಾರ ಹೇರಿ, ಗಾಳಿಯಾಡುವ ನೆರಳಲ್ಲಿಡಿ. ವಾರಕ್ಕೊಮ್ಮೆ ತೂಗಿ ಹಲಗೆಯ ಮೂಲೆಯಲ್ಲೇ ಪೆನ್ಸಿಲಿನಿಂದ ತಾರೀಖು ಮತ್ತು ಗ್ರಾಂ ಬರೆಯಿರಿ. ಮೂರು ವಾರ ಅಂಕಿ ಬದಲಾಗಲಿಲ್ಲವೆಂದರೆ ಹಲಗೆ ಸುತ್ತಲಿನ ಗಾಳಿಗೆ ಹೊಂದಿಕೊಂಡಿದೆ ಎಂದರ್ಥ. ಆ ಗಾಳಿ ಶೇ 45 ಇದ್ದರೆ ಮಾತ್ರ ಮುಂದಿನ ಕೆಲಸ.

ಈಗ ಕಟ್ಟಿಗೆಯ ಹೆಸರಿನ ಮಾತು.

ಬೆನ್ನಿನ ಹಲಗೆಗೆ ಬೀಟೆಯೋ ಮಹಾಗನಿಯೋ ಎಂಬ ಚರ್ಚೆಗೆ ಸಿಗುವ ಮರ್ಯಾದೆ ಅದರ ಯೋಗ್ಯತೆಗಿಂತ ಹೆಚ್ಚು. ಸ್ಪೇನಿನ ಗಿಟಾರ್ ತಯಾರಕ ಆಂಟೋನಿಯೋ ಡಿ ಟೊರೆಸ್ 1862ರಲ್ಲಿ ಬೆನ್ನು ಮತ್ತು ಪಕ್ಕಗಳನ್ನು ಕಾಗದದ ರಟ್ಟಿನಿಂದ ಮಾಡಿ, ಮೇಲ್ಹಲಗೆ ಮಾತ್ರ ಸ್ಪ್ರೂಸ್ ಇಟ್ಟು ಒಂದು ಗಿಟಾರು ಕಟ್ಟಿದ. ದನಿ ಹುಟ್ಟುವುದು ಮೇಲ್ಹಲಗೆಯಿಂದ ಎಂದು ತೋರಿಸುವುದು ಅವನ ಉದ್ದೇಶ. ಅಮೆರಿಕದ ಗಿಟಾರ್ ತಯಾರಕ ಬಾಬ್ ಟೇಲರ್ 1995ರಲ್ಲಿ ಸಾಮಾನು ಸಾಗಿಸುವ ಓಕ್ ಪ್ಯಾಲೆಟ್ಟಿನ ಹಲಗೆಗಳಿಂದ ಬೆನ್ನು-ಪಕ್ಕ ಮಾಡಿ ತೋರಿಸಿದ. ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ಕಟ್ಟುನಿಟ್ಟಿನದು. ಒಂದೇ ನಮೂನೆಯ ಆರು ಗಿಟಾರು, ಎಲ್ಲದರ ಮೇಲ್ಹಲಗೆಯೂ ಸಿಟ್ಕಾ ಸ್ಪ್ರೂಸ್. ಬೆನ್ನು-ಪಕ್ಕ ಮಾತ್ರ ಬೇರೆ ಬೇರೆ: ಬ್ರೆಜಿಲಿಯನ್ ರೋಸ್‌ವುಡ್, ನಮ್ಮ ಬೀಟೆ, ಮಹಾಗನಿ, ಮೇಪಲ್, ಸಪೆಲೆ, ವಾಲ್‌ನಟ್. ಮಬ್ಬು ಬೆಳಕಿನಲ್ಲಿ ವೆಲ್ಡಿಂಗ್ ಕನ್ನಡಕ ಹಾಕಿಕೊಂಡು 52 ಗಿಟಾರ್ ವಾದಕರು ನುಡಿಸಿ ಅಂಕ ಕೊಟ್ಟರು. ಆರಕ್ಕೂ ಬಂದ ಅಂಕ ಹೆಚ್ಚುಕಡಿಮೆ ಒಂದೇ. ಬ್ರೆಜಿಲಿಯನ್ ರೋಸ್‌ವುಡ್‌ಗೆ ಎಷ್ಟೋ ಪಟ್ಟು ಹಣ ಸುರಿಯುವವರು ಈ ಫಲಿತಾಂಶದ ಬಗ್ಗೆ ಮಾತಾಡುವುದಿಲ್ಲ.

ಹಾಗೆಂದು ಬೆನ್ನಿಗೆ ಏನು ಹಚ್ಚಿದರೂ ನಡೆಯುತ್ತದೆ ಎಂದಲ್ಲ. ಅದು ಬಾಗಬೇಕು, ಅಂಟು ಹಿಡಿಯಬೇಕು, ಹವೆ ಬದಲಾದರೆ ಸೊಟ್ಟಗಾಗಬಾರದು, ಹುಳ ಹತ್ತಬಾರದು. ಆಯ್ಕೆ ಮಾಡುವಾಗ ನೋಡಬೇಕಾದದ್ದು ಇವನ್ನು.

ಬೀಟೆ ಇವೆಲ್ಲವನ್ನೂ ದಾಟುತ್ತದೆ. ಬೆಳಗಾವಿಯ ಕಟ್ಟಿಗೆ ಅಡ್ಡೆಗಳಲ್ಲಿ ಶಿಸವ ಎಂದು ಕೇಳಿ. ತೂಕ ಘನ ಸೆಂಟಿಮೀಟರಿಗೆ 0.8 ಗ್ರಾಂ ಮೇಲೆ, ಬಿಸಿ ಪೈಪಿನ ಮೇಲೆ ಸಲೀಸಾಗಿ ಬಾಗುತ್ತದೆ, ಬೆರಳಿನಿಂದ ತಟ್ಟಿದರೆ ದನಿ ಬಹಳ ಹೊತ್ತು ನಿಲ್ಲುತ್ತದೆ. ಅಮೆರಿಕದ ಗಿಟಾರ್ ತಯಾರಕ ಮಾರ್ಟಿನ್ ಕಂಪನಿ 1969ರಲ್ಲಿ ಬ್ರೆಜಿಲಿಯನ್ ರೋಸ್‌ವುಡ್ ಬಿಟ್ಟು ಹಿಡಿದದ್ದು ದಕ್ಷಿಣ ಭಾರತದ ಈ ಮರವನ್ನೇ. ಒಂದು ಎಚ್ಚರಿಕೆ: ಉತ್ತರ ಭಾರತದಿಂದ ಬರುವ ಶೀಶಮ್ ಬೇರೆ ಮರ. ಅದು ಕಂದು-ಹೊಂಬಣ್ಣದ್ದು, ಗೆರೆ ಅಡ್ಡಾದಿಡ್ಡಿ, ಫರ್ನಿಚರಿಗೆ ಚೆಂದ. ಬೀಟೆಯ ಚೇಗು ನೇರಳೆ ಛಾಯೆಯ ಕಡುಗಂದು, ಹೊಸದಾಗಿ ರಂದಾ ಹೊಡೆದಾಗ ನೇರಳೆ ಎದ್ದು ಕಾಣುತ್ತದೆ. ಎರಡನ್ನೂ ಒಂದೇ ಹೆಸರಿನಲ್ಲಿ ಮಾರುವವರಿದ್ದಾರೆ. ಬಿಲ್ಲು ಮತ್ತು ಅರಣ್ಯ ಇಲಾಖೆಯ ಪರವಾನಗಿಯ ಕಾಗದ ಇಲ್ಲದ ಬೀಟೆ ಕೊಳ್ಳಬೇಡಿ. ದಾಂಡೇಲಿಯ ಸರಕಾರಿ ಡಿಪೋದ ಹರಾಜಿನಲ್ಲಿ ಕೊಂಡವರಿಂದ ಬಂದ ಮಾಲು ಎಂದರೆ ಕಾಗದ ಇದ್ದೇ ಇರುತ್ತದೆ. 2017ರ ಜನವರಿಯಿಂದ ಈ ಇಡೀ ಕುಲದ ಮರಗಳು (ಇನ್ನೂ ಬಿಗಿಯಾದ ಮೊದಲನೇ ಪಟ್ಟಿಯಲ್ಲಿರುವ ಬ್ರೆಜಿಲಿಯನ್ ರೋಸ್‌ವುಡ್ ಬಿಟ್ಟು) ಅಳಿವಿನ ಭಯವಿರುವ ಪ್ರಾಣಿ-ಸಸ್ಯಗಳ ವ್ಯಾಪಾರಕ್ಕೆ ಮಿತಿ ಹಾಕುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿವೆ. 2019ರ ನವೆಂಬರ್‌ನಿಂದ ತಯಾರಾದ ವಾದ್ಯಗಳಿಗೆ ಆ ನಿಯಮದಿಂದ ವಿನಾಯಿತಿ ಸಿಕ್ಕಿದೆ, ಹಲಗೆಗೆ ಸಿಕ್ಕಿಲ್ಲ.

ಅಡ್ಡೆಯಲ್ಲಿ ಗಿಟಾರಿಗೆಂದು ಯಾರೂ ಸೀಳಿಟ್ಟಿರುವುದಿಲ್ಲ. ಬೆನ್ನಿಗೆ 520 × 200 ಮಿಮೀ ಎರಡು ತುಂಡು, ಪಕ್ಕಕ್ಕೆ 800 × 125 ಮಿಮೀ ಎರಡು ಪಟ್ಟಿ, ಎಲ್ಲ 4 ಮಿಮೀ ದಪ್ಪ. ನೆಟ್ಟಗಿನ ಗೆರೆಯ 200 ಮಿಮೀ ಅಗಲದ ಹಲಗೆ ಸಿಗಬೇಕೆಂದರೆ ದೊಡ್ಡ ದಿಮ್ಮಿಯೇ ಬೇಕು. ಸಿಗದಿದ್ದರೆ ಬೆನ್ನನ್ನು ಮೂರು ತುಂಡಿನಲ್ಲಿ ಮಾಡಿ. ಅದು ಕೀಳು ಕೆಲಸವಲ್ಲ. ಮಾರ್ಟಿನ್ ಕಂಪನಿಯ ಡಿ-35 ಮಾದರಿ 1965ರಲ್ಲಿ ಬಂದದ್ದೇ ಅಗಲ ಕಡಿಮೆಯ ಹಲಗೆಗಳನ್ನು ಬಳಸಿಕೊಳ್ಳಲಿಕ್ಕೆ.

ಹಳೆಯ ವಾಡೆಗಳನ್ನು ಕೆಡವಿದಾಗ ಬರುವ ಸಾಗವಾನಿ ತೊಲೆ, ಚೌಕಟ್ಟುಗಳ ಬಗ್ಗೆ ಗಿಟಾರ್ ಕಟ್ಟುವವರು ಅಷ್ಟಾಗಿ ಯೋಚಿಸುವುದಿಲ್ಲ, ಯೋಚಿಸಬೇಕು. ದಶಕಗಟ್ಟಲೆ ಒಣಗಿದ ಮಾಲು, ತೇವಕ್ಕೆ ಹಿಗ್ಗುವುದು ಕುಗ್ಗುವುದು ಬೇರೆ ಮರಗಳಿಗಿಂತ ಕಡಿಮೆ. ತೊಂದರೆ ಮೂರು. ಒಳಗೆ ಮುರಿದ ಮೊಳೆ ಇರುತ್ತದೆ, ಸಾ ಮಿಲ್ಲಿನವರು ಬ್ಲೇಡಿಗೆ ಹೆದರಿ ಸೀಳಲು ಒಪ್ಪುವುದಿಲ್ಲ. ಲೋಹ ಹಿಡಿಯುವ ಸಣ್ಣ ಡಿಟೆಕ್ಟರ್ ಆಡಿಸಿ ತೋರಿಸಬೇಕು. ಮರದೊಳಗಿನ ಸಿಲಿಕಾ ಉಳಿಯ ಬಾಯಿ ಬೇಗ ಕೆಡಿಸುತ್ತದೆ. ಎಣ್ಣೆಯಂಶ ಅಂಟನ್ನು ಹಿಡಿಯಗೊಡುವುದಿಲ್ಲ, ಹಾಗಾಗಿ ಅಂಟಿಸುವ ಜಾಗವನ್ನು ಹೊಸದಾಗಿ ಕೆರೆದು, ಅಸಿಟೋನ್ ಬಟ್ಟೆಯಿಂದ ಒರೆಸಿ, ಹದಿನೈದು ನಿಮಿಷದೊಳಗೆ ಅಂಟಿಸಬೇಕು. ಬೀಟೆಗೂ ಇದೇ ಕ್ರಮ.

ಸಿತಾರ್, ತಂಬೂರಿಗೆ 2024ರಲ್ಲಿ ಜಿಐ ಗುರುತು ಪಡೆದ ಮಿರಜ್ ನಮಗೆ ಪಕ್ಕದ ಊರು. ಅಂಥ ವಾದ್ಯ ಕಟ್ಟುವವರು ಬಳಸುವ ತೂನ್ ಕಟ್ಟಿಗೆ ಹಗುರ, ನೆಟ್ಟಗೆ ನಿಲ್ಲುತ್ತದೆ. ನೆಕ್ಕಿಗೆ ಮತ್ತು ಹಲಗೆಯೂ ಪಕ್ಕವೂ ಕೂಡುವ ಅಂಚಿನ ಒಳಗಿನ ಲೈನಿಂಗ್ ಪಟ್ಟಿಗೆ ಮಹಾಗನಿಯ ಬದಲು ಧೈರ್ಯವಾಗಿ ಹಾಕಬಹುದು. ಶಿವನಿಯೂ ಲೈನಿಂಗಿಗೆ ಆಗುತ್ತದೆ. ಮಾವಿನ ಹಲಗೆಯಲ್ಲಿ ಚಿತ್ತಾರ ಚೆಂದ, ಆದರೆ ಕುಟ್ಟೆ ಹುಳು ಮೊದಲು ಹುಡುಕಿಕೊಂಡು ಹೋಗುವುದು ಅದನ್ನೇ. ಬೋರಿಕ್ ಆಸಿಡ್-ಬೋರ್ಯಾಕ್ಸ್ ದ್ರಾವಣದಲ್ಲಿ ನೆನೆಸಿ ಒಣಗಿಸದ ಮಾವನ್ನು ಗಿಟಾರಿನ ಹತ್ತಿರಕ್ಕೂ ತರಬೇಡಿ. ಫ್ರೆಟ್‌ಬೋರ್ಡಿಗೆ, ಅಂದರೆ ಫ್ರೆಟ್ ಎಂಬ ಲೋಹದ ಪಟ್ಟಿಗಳು ಕೂರುವ ನೆಕ್ಕಿನ ಮೇಲಿನ ಹಲಗೆಗೆ, ಬೀಟೆ ಸಾಕು. ಬಾಗಲಕೋಟೆ, ವಿಜಯಪುರದ ಕಡೆ ಕುಂಟೆ, ಕೂರಿಗೆ, ಚಕ್ಕಡಿ ಗಾಲಿಗೆ ಬಳಸುವ ಕರಿಜಾಲಿಯ ಚೇಗು ಕೂಡ ಆ ಕೆಲಸಕ್ಕೆ ಬೇಕಾದಷ್ಟು ಗಟ್ಟಿ. ಗೆರೆ ನೆಟ್ಟಗಿರುವ 500 ಮಿಮೀ ಉದ್ದದ ತುಂಡು ಸಿಗುವುದೇ ಕಷ್ಟ, ಹಸಿಯಾಗಿದ್ದರೆ ತಿರುಚುತ್ತದೆ. ಸಿಕ್ಕರೆ ಬಿಡಬೇಡಿ.

ಮೇಲ್ಹಲಗೆಗೆ ಮಾತ್ರ ಸ್ಥಳೀಯ ಬದಲಿ ಹುಡುಕುವುದರಲ್ಲಿ ಅರ್ಥವಿಲ್ಲ. ಹಗುರವೂ ಆಗಿರಬೇಕು, ಬಿಗಿಯೂ ಆಗಿರಬೇಕು. ಆ ಎರಡೂ ಸ್ಪ್ರೂಸ್ ಮತ್ತು ಸೀಡರ್‌ನಲ್ಲಿ ಸೇರಿದ ಹಾಗೆ ನಮ್ಮ ಗಟ್ಟಿ ಮರಗಳಲ್ಲಿ ಸೇರುವುದಿಲ್ಲ. ಸ್ಪ್ರೂಸ್ ಇಲ್ಲಿ ಬೆಳೆಯುವುದಿಲ್ಲ, ತರಿಸಬೇಕು. ಹಣವನ್ನು ಬೆನ್ನಿನಲ್ಲಿ ಉಳಿಸಿ ಇಲ್ಲಿ ಹಾಕಿ.

ತರಿಸಿದ ಹಲಗೆಗೆ "ಎ", "ಎಎ", "ಎಎಎ" ಎಂದು ದರ್ಜೆ ಬರೆದಿರುತ್ತಾರೆ. ಅದು ಬಹುತೇಕ ನೋಟದ ದರ್ಜೆ: ಗೆರೆ ಸಮ ಇವೆಯೇ, ಬಣ್ಣ ಒಂದೇ ಇದೆಯೇ ಎಂಬುದು. ದನಿಗೆ ಬೇಕಾದದ್ದನ್ನು ನೀವೇ ಅಳೆಯಬೇಕು, ಅದು ಅರ್ಧ ಗಂಟೆಯ ಕೆಲಸ. ಒಂದು ತುಂಡು 550 × 200 × 4 ಮಿಮೀ ಇದೆ ಎನ್ನಿ. ಗಾತ್ರ 440 ಘನ ಸೆಂಟಿಮೀಟರ್. ತಕ್ಕಡಿ 176 ಗ್ರಾಂ ತೋರಿಸಿದರೆ ಸಾಂದ್ರತೆ 0.40. ಸ್ಪ್ರೂಸ್‌ಗೆ 0.36ರಿಂದ 0.44ರ ಒಳಗೆ ಏನಿದ್ದರೂ ಸರಿ.

ಇನ್ನು ಬಿಗಿ. ಉದ್ದದ ಶೇ 22.4, ಅಂದರೆ ತುದಿಯಿಂದ 123 ಮಿಮೀ ದೂರದಲ್ಲಿ ಅಡ್ಡಗೆರೆ ಎಳೆಯಿರಿ. ಹಲಗೆ ಕಂಪಿಸುವಾಗ ಆ ಗೆರೆಯ ಮೇಲಿನ ಜಾಗ ಅಲುಗುವುದಿಲ್ಲ. ಅಲ್ಲಿ ಎರಡು ಬೆರಳಿನಿಂದ ಹಗುರವಾಗಿ ಹಿಡಿದು ತೂಗಬಿಟ್ಟು, ಹಲಗೆಯ ನಟ್ಟನಡುವೆ ಇನ್ನೊಂದು ಕೈಯ ಬೆರಳಿನಿಂದ ತಟ್ಟಿ. ಮೊಬೈಲನ್ನು ನಡುವಿನಿಂದ ಎರಡು ಮೂರು ಸೆಂಟಿಮೀಟರ್ ದೂರ ಇಟ್ಟು, ಸ್ಪೆಕ್ಟ್ರಂ ತೋರಿಸುವ ಯಾವುದೇ ಆ್ಯಪ್‌ನಲ್ಲಿ ಎಲ್ಲಕ್ಕಿಂತ ಕೆಳಗಿನ ಶಿಖರದ ಅಂಕಿ ಓದಿ. 72 ಹರ್ಟ್ಜ್ ಬಂತೆನ್ನಿ. ಕಟ್ಟಿಗೆಯಲ್ಲಿ ಶಬ್ದದ ವೇಗ = 0.973 × ಹರ್ಟ್ಜ್ × ಉದ್ದದ ವರ್ಗ ÷ ದಪ್ಪ, ಎಲ್ಲ ಮೀಟರಿನಲ್ಲಿ. 0.973 × 72 × 0.3025 ÷ 0.004, ಅಂದರೆ ಸೆಕೆಂಡಿಗೆ ಸುಮಾರು 5300 ಮೀಟರ್. ಐದು ಸಾವಿರದ ಮೇಲಿದ್ದರೆ ಒಳ್ಳೆಯ ಹಲಗೆ. 4500ರ ಕೆಳಗಿದ್ದರೆ "ಎಎಎ" ಎಂದು ಮುದ್ರೆ ಇದ್ದರೂ ಬದಿಗಿಡಿ. ಈ ಅಂಕಿಯೂ ಸಾಂದ್ರತೆಯೂ ದಪ್ಪ ನಿರ್ಧರಿಸಲು ಬೇಕು, ಹಲಗೆಯ ಹಿಂದೆ ಬರೆದಿಡಿ.

ಅಡ್ಡ ದಿಕ್ಕಿನ ಬಿಗಿಯನ್ನು ಕೈಯಿಂದಲೇ ಅರಿಯಬಹುದು. ಹಲಗೆಯ ತುದಿ ನೋಡಿ: ಬೆಳವಣಿಗೆಯ ಗೆರೆಗಳು ಮೇಲ್ಮೈಗೆ 90 ಡಿಗ್ರಿಯಲ್ಲಿ ನಿಂತಿರಬೇಕು. ಹದಿನೈದು ಇಪ್ಪತ್ತು ಡಿಗ್ರಿ ಓರೆಯಾದರೂ ಅಡ್ಡ ಬಿಗಿ ತೀರಾ ಕುಸಿಯುತ್ತದೆ, ಎರಡೂ ಅಂಚು ಹಿಡಿದು ಬಾಗಿಸಿದರೆ ಮಳೆಗಾಲದ ಹಪ್ಪಳದ ಹಾಗೆ ಬಳುಕುತ್ತದೆ. ಮೇಲ್ಮೈ ಮೇಲೆ ಗೆರೆಗೆ ಅಡ್ಡವಾಗಿ ರೇಷ್ಮೆಯಂತೆ ಮಿನುಗುವ ಸಣ್ಣ ಮಚ್ಚೆಗಳು ಕಂಡರೆ ಗೆರೆ ನೆಟ್ಟಗಿದೆ ಎಂದು ತಿಳಿಯಿರಿ. ಇಂಚಿಗೆ ಎಷ್ಟು ಗೆರೆ ಎಂದು ಎಣಿಸುತ್ತ ಕೂರುವುದು ಬೇಡ, ಅದಕ್ಕೂ ದನಿಗೂ ಸಂಬಂಧ ಕಡಿಮೆ.

ಅಳತೆಗಳಿಗೆ ಬರೋಣ. ಮೊದಲ ಗಿಟಾರಿಗೆ ಓಎಂ (ಆರ್ಕೆಸ್ಟ್ರಾ ಮಾಡೆಲ್) ಎಂಬ ಮಧ್ಯಮ ಗಾತ್ರದ ಆಕಾರ ಒಳ್ಳೆಯದು: ಕೆಳಹೊಟ್ಟೆ 380 ಮಿಮೀ, ತಂತಿ ಕಂಪಿಸುವ ಉದ್ದ, ಅಂದರೆ ಸ್ಕೇಲ್, 645 ಮಿಮೀ. ಮೇಲ್ಹಲಗೆಯ ಎರಡು ತುಂಡುಗಳನ್ನು ಪುಸ್ತಕ ಬಿಚ್ಚಿದಂತೆ ಪಕ್ಕಪಕ್ಕ ಇಟ್ಟು ಉದ್ದ ರಂದಾದಿಂದ ಅಂಚು ಹೊಡೆಯಿರಿ. ಎರಡನ್ನೂ ಜೋಡಿಸಿ ಕಿಟಕಿಯ ಬೆಳಕಿಗೆ ಹಿಡಿದಾಗ ಕೂದಲೆಳೆಯಷ್ಟೂ ಬೆಳಕು ತೂರಬಾರದು. ತೂರಿದ ಕಡೆಯೇ ಮುಂದೆ ಬಿಡುವುದು. ಕ್ಲ್ಯಾಂಪ್ ಬಿಗಿದು ಸಂದು ಮುಚ್ಚಿದರೆ ಆ ಒತ್ತಡ ಅಲ್ಲೇ ಉಳಿಯುತ್ತದೆ. ಸ್ಪ್ರೂಸ್ ಮೇಲ್ಹಲಗೆಯನ್ನು 2.8 ಮಿಮೀಗೆ ಇಳಿಸಿ ಶುರುಮಾಡಿ. ಹಲಗೆ ಹಗುರವೂ ಬಿಗಿಯೂ ಆಗಿದ್ದರೆ 2.6ಕ್ಕೆ ಹೋಗಬಹುದು, ಮೆತ್ತಗಿದ್ದರೆ 3.0ರಲ್ಲಿ ನಿಲ್ಲಿಸಿ. ಸೀಡರ್ ಆದರೆ ಇನ್ನೂ 0.2-0.3 ಹೆಚ್ಚು ಇರಲಿ. ಬೀಟೆಯ ಬೆನ್ನು 2.5, ಪಕ್ಕ 2.0-2.2.

ಪಕ್ಕ ಬಾಗಿಸಲು ಎರಡೂವರೆ ಇಂಚಿನ ದಪ್ಪ ಗೋಡೆಯ ಪೈಪ್, ಒಳಗೆ ಹೀಟರ್ ಕಡ್ಡಿ. ಉದ್ಯಮಬಾಗದಲ್ಲಿ ಇಂಥದ್ದನ್ನು ಮಾಡಿಕೊಡುವ ಲೇತ್ ಅಂಗಡಿಗಳಿಗೆ ಬರವಿಲ್ಲ. ಹೀಟರಿಗೆ ಅರ್ತಿಂಗ್ ಕೊಡಿಸುವುದನ್ನು ಮಾತ್ರ ಮರೆಯಬೇಡಿ, ಒದ್ದೆ ಕಟ್ಟಿಗೆ ಹಿಡಿದು ಮಾಡುವ ಕೆಲಸ. ಪೈಪಿನ ಶಾಖ 150 ಡಿಗ್ರಿ ಹತ್ತಿರ: ನೀರಿನ ಹನಿ ಬಿದ್ದ ಕೂಡಲೇ ಚುರ್ ಎಂದು ಮಾಯವಾಗಬೇಕು. ಮೊದಲು ಸೊಂಟದ ಬಾಗು, ಅದೇ ಬಿಗಿಯಾದದ್ದು. ಪಟ್ಟಿಯನ್ನು ತುಸು ಒದ್ದೆ ಮಾಡಿ, ಹೊರಗಡೆಯಿಂದ ತೆಳು ತಗಡಿನ ಪಟ್ಟಿ ಒತ್ತಿ ಹಿಡಿದು, ಕಟ್ಟಿಗೆ ತಾನಾಗಿ ಮಣಿಯುವವರೆಗೆ ಕಾಯಿರಿ. ಮಣಿಯುವ ಆ ಕ್ಷಣ ಕೈಗೆ ಸ್ಪಷ್ಟವಾಗಿ ತಿಳಿಯುತ್ತದೆ. ಅದಕ್ಕೆ ಮೊದಲೇ ಒತ್ತಿದರೆ ಹೊರಮೈಯ ಎಳೆ ಸಿಬಿರೇಳುತ್ತದೆ. ನೀರಿನಲ್ಲಿ ಗಂಟೆಗಟ್ಟಲೆ ನೆನೆಸಿದರೆ ಒಳ್ಳೆಯದೆಂದು ಹೇಳುವವರ ಮಾತು ಕೇಳಬೇಡಿ, ಪಟ್ಟಿ ಅಗಲದಲ್ಲಿ ಡೊಂಕಾಗಿ ಅಲೆಅಲೆಯಾಗುತ್ತದೆ. ಸಾಗವಾನಿ ಬೀಟೆಯಷ್ಟು ಸಲೀಸಾಗಿ ಮಣಿಯುವುದಿಲ್ಲ, ಅದನ್ನು 1.9 ಮಿಮೀಗೆ ಇಳಿಸಿ.

ದನಿಯ ಮುಕ್ಕಾಲು ಪಾಲು ತೀರ್ಮಾನ ಆಗುವುದು ಬ್ರೇಸ್‌ಗಳಲ್ಲಿ. ಸ್ಪ್ರೂಸ್ ತುಂಡನ್ನು ಗರಗಸದಿಂದ ಕೊಯ್ಯದೆ ಉಳಿಯಿಂದ ಸೀಳಿ ತೆಗೆದರೆ ಎಳೆ ಒಂದು ತುದಿಯಿಂದ ಇನ್ನೊಂದು ತುದಿಗೆ ತುಂಡಾಗದೆ ಓಡುತ್ತದೆ. ಅಂಥ ಬ್ರೇಸ್ ತೆಳುವಾದರೂ ಮುರಿಯುವುದಿಲ್ಲ. ಎಕ್ಸ್ ಆಕಾರದಲ್ಲಿ ಕೂಡುವ ಎರಡು ಮುಖ್ಯ ಬ್ರೇಸ್‌ಗಳು 8 ಮಿಮೀ ಅಗಲ, 15 ಮಿಮೀ ಎತ್ತರ, ಎರಡರ ನಡುವಿನ ಕೋನ 98 ಡಿಗ್ರಿ ಸುಮಾರು, ಕೂಡುವ ಜಾಗ ಸೌಂಡ್‌ಹೋಲಿನ (ಮೇಲ್ಹಲಗೆಯ ದುಂಡು ತೂತಿನ) ಅಂಚಿನಿಂದ 25-30 ಮಿಮೀ ಕೆಳಗೆ. ಎರಡು ಕಾಲುಗಳೂ ತಂತಿ ಸಿಕ್ಕಿಸುವ ಬ್ರಿಡ್ಜಿನ ಎರಡು ರೆಕ್ಕೆಗಳ ಕೆಳಗೆ ಹಾಯಬೇಕು. ಅದರ ಕೆಳಗೆ ಟೋನ್ ಬಾರ್ ಎಂಬ ಎರಡು ಸಣ್ಣ ಬ್ರೇಸ್, 6 × 12 ಮಿಮೀ. ಬ್ರಿಡ್ಜಿನ ಅಡಿ ಬೀಟೆ ಅಥವಾ ಮೇಪಲ್‌ನ 2.5 ಮಿಮೀ ಪ್ಲೇಟು. ಎಕ್ಸ್ ಕೂಡುವಲ್ಲಿ ಒಂದಕ್ಕೊಂದು ಅರ್ಧ ಕೊರೆದು ಕೂರಿಸುತ್ತೇವಲ್ಲ, ಒಳಮುಖಕ್ಕೆ ಬಾಯಿ ತೆರೆದಿರುವ ಕೊರೆತದ ಮೇಲೆ ಸ್ಪ್ರೂಸ್ ಚಕ್ಕೆಯನ್ನೋ ಅಂಟಲ್ಲಿ ಅದ್ದಿದ ಹತ್ತಿ ಬಟ್ಟೆಯನ್ನೋ ಮುಚ್ಚಲೇಬೇಕು. ಮುಚ್ಚದಿದ್ದರೆ ಬ್ರೇಸ್ ಅಲ್ಲಿ ಅರ್ಧ ಎತ್ತರದ್ದು ಎಂದೇ ಲೆಕ್ಕ, ವರ್ಷದೊಳಗೆ ಬ್ರಿಡ್ಜಿನ ಮುಂದೆ ಹಲಗೆ ತಗ್ಗು ಬೀಳುತ್ತದೆ.

ಬ್ರೇಸಿನ ಅಡಿಯನ್ನು ಚಪ್ಪಟೆ ಬಿಡಬೇಡಿ. ಮೇಲ್ಹಲಗೆಗೆ 8.5 ಮೀಟರ್ ತ್ರಿಜ್ಯದ ಉಬ್ಬು ಕೊಟ್ಟರೆ 380 ಮಿಮೀ ಅಗಲದಲ್ಲಿ ನಡು 2.1 ಮಿಮೀ ಮೇಲೇಳುತ್ತದೆ. ಬೆನ್ನಿಗೆ 4.6 ಮೀಟರ್ ತ್ರಿಜ್ಯ, ಅಲ್ಲಿ 4 ಮಿಮೀ ಹತ್ತಿರ. ಬೇಸಿಗೆಯಲ್ಲಿ ಹಲಗೆ ಕುಗ್ಗಿದಾಗ ಖರ್ಚಾಗುವುದು ಈ ಉಬ್ಬು. ಚಪ್ಪಟೆ ಕಟ್ಟಿದ ಗಿಟಾರಿಗೆ ಖರ್ಚು ಮಾಡಲು ಏನೂ ಇರುವುದಿಲ್ಲ. ಸೌಂಡ್‌ಹೋಲಿನ ಮೇಲಿನ ಅಡ್ಡ ಬ್ರೇಸ್ ಒಂದನ್ನು ಮಾತ್ರ ಚಪ್ಪಟೆ ಇಡಿ, ಫ್ರೆಟ್‌ಬೋರ್ಡಿನ ಬಾಲ ಅದರ ಮೇಲೆ ಸಮ ಕೂರಬೇಕು.

ಅಂಟು ಯಾವುದು? ಫರ್ನಿಚರಿಗೆ ಹಚ್ಚುವ ಬಿಳಿ ಪಿವಿಎ ಅಂಟು ಬ್ರೇಸಿಗೂ ಬ್ರಿಡ್ಜಿಗೂ ಬೇಡ. ಒಣಗಿದ ಮೇಲೂ ಅದು ಶಾಖಕ್ಕೆ ಮೆತ್ತಗಾಗಿ, ಎಳೆತದ ಕೆಳಗೆ ನಿಧಾನ ಜಾರುತ್ತದೆ. ಬಾಗಲಕೋಟೆಯ ಮೇ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಅಷ್ಟು ಶಾಖ ಬರುವುದು ಏನೂ ಕಷ್ಟವಲ್ಲ. ಗಟ್ಟಿಯಾಗಿ ಒಣಗುವ ಹಳದಿ ಅಲಿಫ್ಯಾಟಿಕ್ ಅಂಟು ಸಾಕು. ಚರ್ಮದಿಂದ ಮಾಡಿದ ಬಿಸಿ ಸರೇಸು ಇನ್ನೂ ಒಳ್ಳೆಯದು: ಪಾತ್ರೆಯೊಳಗೆ ಪಾತ್ರೆ ಇಟ್ಟು 60 ಡಿಗ್ರಿಗೆ ಕಾಯಿಸಿ, 70 ದಾಟಿದರೆ ಸತ್ವ ಹೋಗುತ್ತದೆ. ಸರೇಸು ಹಚ್ಚಿ ಅರ್ಧ ನಿಮಿಷದೊಳಗೆ ಕ್ಲ್ಯಾಂಪ್ ಬಿಗಿಯಬೇಕು, ಆದ್ದರಿಂದ ಎರಡೂ ಹಲಗೆಯನ್ನು ಮೊದಲೇ ಬೆಚ್ಚಗೆ ಮಾಡಿಕೊಳ್ಳಿ.

ಅಂಟಿದ ಮೇಲೆ ಕೆತ್ತನೆ. ಎಡಗೈಯ ಹೆಬ್ಬೆರಳು, ತೋರುಬೆರಳಿನಿಂದ ಹಲಗೆಯನ್ನು ಸೌಂಡ್‌ಹೋಲಿನ ಮೇಲ್ಭಾಗದಲ್ಲಿ ಹಿಡಿದು ಕಿವಿಯ ಪಕ್ಕ ತೂಗಬಿಡಿ, ಬಲಗೈಯ ನಡುಬೆರಳಿನ ಮಾಂಸದ ತುದಿಯಿಂದ ಬ್ರಿಡ್ಜ್ ಬರುವ ಜಾಗಕ್ಕೆ ತಟ್ಟಿ. ಬ್ರೇಸ್ ಪೂರ್ತಿ ಎತ್ತರದಲ್ಲಿದ್ದಾಗ ದನಿ ಮೇಲೆ, ಮೊಂಡು, ಬಾಗಿಲು ಬಡಿದಂತೆ ಅಲ್ಲಿಗೇ ನಿಲ್ಲುತ್ತದೆ. ಸಣ್ಣ ರಂದಾದಿಂದ ಬ್ರೇಸಿನ ತುದಿಗಳನ್ನು ಇಳಿಸುತ್ತ ಬನ್ನಿ. ಅಂಚಿನ ಕೊನೆಯ 40 ಮಿಮೀಯಲ್ಲಿ 2 ಮಿಮೀಗೆ ಇಳಿಯಲಿ. ಎರಡು ಮೂರು ಸಿಪ್ಪೆ ತೆಗೆದು ಮತ್ತೆ ತಟ್ಟಿ. ಒಂದು ಹಂತದಲ್ಲಿ ದನಿ ಕೆಳಗಿಳಿದು ಅಗಲವಾಗುತ್ತದೆ, ತಟ್ಟಿದ ಮೇಲೂ ಒಂದೆರಡು ಕ್ಷಣ ಉಳಿಯುತ್ತದೆ, ಹಿಡಿದ ಬೆರಳಿಗೂ ನಡುಕ ಬರುತ್ತದೆ. ಅಲ್ಲಿ ನಿಲ್ಲಿಸಿ. ಇನ್ನೂ ನಾಲ್ಕು ಸಿಪ್ಪೆ ತೆಗೆಯುವ ಚಪಲ ಎಲ್ಲರಿಗೂ ಬರುತ್ತದೆ. ತೆಗೆದರೆ ಮೊದಲ ಆರು ತಿಂಗಳು ಗಿಟಾರು ಭರ್ಜರಿಯಾಗಿ ಮೊಳಗುತ್ತದೆ, ಆಮೇಲೆ ಬ್ರಿಡ್ಜಿನ ಹಿಂದೆ ಹಲಗೆ ಹೊಟ್ಟೆ ಬಿಡುತ್ತದೆ. ಲೈಟ್ ತಂತಿಗಳ ಎಳೆತವೇ ಒಟ್ಟು 70 ಕಿಲೋ ಮೇಲೆ, ಅಷ್ಟನ್ನೂ ಹೊರುವುದು ಮೂರು ಮಿಮೀಯೂ ಇಲ್ಲದ ಈ ಹಲಗೆ.

ಪೆಟ್ಟಿಗೆಯೊಳಗಿನ ಗಾಳಿಗೂ ಒಂದು ಸ್ವರ ಇದೆ. 100 ಮಿಮೀ ಸೌಂಡ್‌ಹೋಲಿನ ಓಎಂ ಪೆಟ್ಟಿಗೆಯಲ್ಲಿ ಅದು 95ರಿಂದ 105 ಹರ್ಟ್ಜ್ ನಡುವೆ ಬೀಳುತ್ತದೆ. ಸರಿಯಾಗಿ 98ರ ಮೇಲೆ ಬಿದ್ದರೆ ಆರನೇ ತಂತಿಯ ಮೂರನೇ ಫ್ರೆಟ್ಟಿನ ಜಿ ಸ್ವರ ಒಂದೇ ಗುಮ್ಮೆಂದು ಎದ್ದು ತಟ್ಟನೆ ಸಾಯುತ್ತದೆ. ತೂತನ್ನು ಕೆಲವು ಮಿಮೀ ಹಿಗ್ಗಿಸಿದರೆ ಸ್ವರ ಮೇಲೇರಿ ಎರಡು ಸ್ವರಗಳ ನಡುವೆ ಕೂರುತ್ತದೆ. ತೂತಿನ ಸುತ್ತಲಿನ ಅಲಂಕಾರದ ಉಂಗುರ, ಅಂದರೆ ರೋಸೆಟ್, ಕೂರಿಸುವಾಗಲೇ ಹಿಗ್ಗಿಸಲು ಜಾಗ ಬಿಟ್ಟಿರಿ.

ನೆಕ್ಕನ್ನು ಅಂಟಿಸಿ ಕೂರಿಸುವ ಡವ್‌ಟೇಲ್ ಜೋಡಣೆಯ ಬದಲು ಎರಡು ಎಂ6 ಬೋಲ್ಟಿನಿಂದ ಕೂಡಿಸಿ. ಸಾಂಪ್ರದಾಯಿಕರು ಮೂಗು ಮುರಿಯುತ್ತಾರೆ. ಆದರೆ ನಮ್ಮ ಹವೆಯಲ್ಲಿ ಒಂದೆರಡು ವರ್ಷಕ್ಕೆ ಕೋನ ತಿದ್ದಬೇಕಾಗಿ ಬಂದಾಗ ಬೋಲ್ಟ್ ಬಿಚ್ಚುವುದು ಕಾಲು ಗಂಟೆಯ ಕೆಲಸ, ಡವ್‌ಟೇಲ್ ಬಿಡಿಸಲು ಹಬೆ ಹಾಯಿಸಬೇಕು. ಕೋನ ನೋಡುವುದು ಹೀಗೆ: ಫ್ರೆಟ್ಟುಗಳ ಮೇಲೆ ಉದ್ದ ಸ್ಟೀಲ್ ಪಟ್ಟಿ ಇಟ್ಟರೆ ಅದರ ತುದಿ 9.5 ಮಿಮೀ ಎತ್ತರದ ಬ್ರಿಡ್ಜಿನ ತಲೆಯನ್ನು ಸವರಿದಂತೆ ಹೋಗಬೇಕು. ಬ್ರಿಡ್ಜಿಗೆ ಗುದ್ದಿದರೆ ತಂತಿ ಮೇಲೆದ್ದು ಬೆರಳು ನೋಯುತ್ತದೆ. ಎರಡು ಮಿಮೀ ಮೇಲೆ ಹಾದರೆ ಬ್ರಿಡ್ಜಿನ ಮೇಲೆ ತಂತಿ ಕೂರುವ ಪಟ್ಟಿ, ಅಂದರೆ ಸ್ಯಾಡಲ್, ಎತ್ತರವಾಗಿ ಬ್ರಿಡ್ಜನ್ನು ಮುಂದಕ್ಕೆ ಸೀಳುತ್ತದೆ.

ಫ್ರೆಟ್ ಲೆಕ್ಕಕ್ಕೆ 17.817 ನೆನಪಿಟ್ಟುಕೊಳ್ಳಿ. 645 ÷ 17.817 = 36.20 ಮಿಮೀ, ಅದು ನಟ್‌ನಿಂದ (ನೆಕ್ಕಿನ ತಲೆಯ ಬಳಿ ತಂತಿ ಕೂರುವ ಪಟ್ಟಿಯಿಂದ) ಮೊದಲ ಫ್ರೆಟ್. ಉಳಿದ 608.80ನ್ನು ಮತ್ತೆ ಭಾಗಿಸಿದರೆ 34.17, ಅದು ಒಂದರಿಂದ ಎರಡಕ್ಕೆ. ಹೀಗೇ ಹೋದರೆ ಹನ್ನೆರಡನೆಯದು 322.5ಕ್ಕೆ ಬರಬೇಕು. ಬಂದರೆ ಲೆಕ್ಕ ಸರಿ. ಗುರುತು ಹಾಕುವಾಗ ಮಾತ್ರ ಒಂದು ಫ್ರೆಟ್ಟಿನಿಂದ ಇನ್ನೊಂದಕ್ಕೆ ಅಳೆಯದೆ ಎಲ್ಲವನ್ನೂ ಕೂಡಿಸಿ ನಟ್‌ನಿಂದಲೇ ಅಳೆಯಿರಿ, ಇಲ್ಲವೆಂದರೆ ಪೆನ್ಸಿಲ್ ಗೆರೆಯ ದಪ್ಪವೇ ಕೂಡುತ್ತ ಹೋಗಿ ಇಪ್ಪತ್ತನೇ ಫ್ರೆಟ್ಟಿಗೆ ಬೇಸುರು ಬರುತ್ತದೆ. ಕೊರೆತದ ಅಗಲ 0.58 ಮಿಮೀ. ಬೇಸಿಗೆಯಲ್ಲಿ ಫ್ರೆಟ್‌ಬೋರ್ಡ್ ಕುಗ್ಗಿ ಫ್ರೆಟ್ ತುದಿಗಳು ಹೊರಬಂದು ಅಂಗೈ ತರಚುವುದು ಸಾಮಾನ್ಯ. ಮೊದಲ ಬೇಸಿಗೆ ಕಳೆದ ಮೇಲೆ ಒಮ್ಮೆ ಅರ ಹಾಕಿ ಕೊಡುವುದನ್ನು ಬೆಲೆಯೊಳಗೇ ಸೇರಿಸಿಕೊಂಡಿರಿ.

ಪಾಲಿಶ್: 250 ಮಿಲೀ ಸ್ಪಿರಿಟ್ಟಿಗೆ 60 ಗ್ರಾಂ ಅರಗಿನ ಚಕ್ಕೆ. ಬೀಟೆಯ ಅಂಚಿಗೆ ಹಚ್ಚುವ ಮೊದಲು ಸ್ಪ್ರೂಸ್ ಹಲಗೆಗೆ ಎರಡು ಕೈ ಹಚ್ಚಿ ಮುಚ್ಚಿಬಿಡಿ, ಇಲ್ಲದಿದ್ದರೆ ಸ್ಪಿರಿಟ್ಟಿನಲ್ಲಿ ಕರಗಿದ ನೇರಳೆ ಬಣ್ಣ ಬಿಳಿ ಹಲಗೆಗೆ ಹರಿದು ಮತ್ತೆ ಹೋಗುವುದಿಲ್ಲ. ತೇವದ ದಿನ ಪಾಲಿಶ್ ಹಚ್ಚಿದರೆ ಹಾಲು ಚೆಲ್ಲಿದಂತೆ ಬಿಳುಚುತ್ತದೆ. ಬ್ರಿಡ್ಜ್ ಕೂರುವ ಜಾಗದಲ್ಲಿ ಪಾಲಿಶನ್ನು ಪೂರ್ತಿ ಕೆರೆದು ಬರೀ ಕಟ್ಟಿಗೆಗೆ ಅಂಟಿಸಿ. ಬ್ರಿಡ್ಜ್ ಎದ್ದು ಬರುವ ಪ್ರಕರಣಗಳಲ್ಲಿ ಬಹುಪಾಲಿಗೆ ಅಂಚಿನಲ್ಲಿ ಉಳಿದ ಪಾಲಿಶೇ ಕಾರಣ.

ಇಷ್ಟಾಗಿಯೂ ಬಿರುಕು ಬಿಟ್ಟರೆ ಕೂಡಲೇ ಅಂಟು ತುಂಬಬೇಡಿ. ತೂತು ಕೊರೆದ ಸೋಪಿನ ಡಬ್ಬಿಯಲ್ಲಿ ಒದ್ದೆ ಸ್ಪಂಜು ಇಟ್ಟು, ಗಿಟಾರಿನ ಜೊತೆ ಕೇಸಿನಲ್ಲಿ ಮುಚ್ಚಿ, ತೇವ ಶೇ 50ಕ್ಕೆ ಬರುವವರೆಗೆ ವಾರ ಹತ್ತು ದಿನ ಬಿಡಿ. ಬಿರುಕು ತಾನಾಗಿ ಕೂಡಿಕೊಳ್ಳುತ್ತದೆ. ಆಗ ತೆಳು ಸರೇಸನ್ನು ಬೆರಳಿನಿಂದ ತಿಕ್ಕಿ ಒಳಗಿಳಿಸಿ, ಒಳಗಡೆ ಎಳೆಗೆ ಅಡ್ಡವಾಗಿ 1.5 ಮಿಮೀ ದಪ್ಪದ ಸ್ಪ್ರೂಸ್ ಚಕ್ಕೆಗಳನ್ನು ಬಿಟ್ಟುಬಿಟ್ಟು ಅಂಟಿಸಿ.

ತಂತಿ ಹಾಕುವುದು ಬ್ರಿಡ್ಜ್ ಅಂಟಿಸಿದ ಮೂರು ದಿನದ ನಂತರ, 0.012 ಇಂಚಿನ ಲೈಟ್ ಸೆಟ್. ನಟ್ ಮತ್ತು ಸ್ಯಾಡಲ್‌ಗೆ ಎಮ್ಮೆಯ ಎಲುಬು, ಕೊಬ್ಬಿನಂಶ ತೆಗೆದದ್ದು. ಸ್ಯಾಡಲ್ ಓರೆಯಾಗಿರಬೇಕು: ಮೊದಲ ತಂತಿಗೆ 645ರ ಮೇಲೆ 2.5 ಮಿಮೀ, ಆರನೆಯದಕ್ಕೆ 5 ಮಿಮೀ ಸೇರಿಸಿ. ಶ್ರುತಿ ಮಾಡಿ ಒಂದು ರಾತ್ರಿ ಬಿಟ್ಟು, ಒಂದನೇ ಮತ್ತು ಹದಿನಾಲ್ಕನೇ ಫ್ರೆಟ್ ಒತ್ತಿ ಹಿಡಿದು ಏಳನೆಯದರ ಬಳಿ ಸಂದು ನೋಡಿ. ಅದು 0.15ರಿಂದ 0.25 ಮಿಮೀ ಬರುವ ಹಾಗೆ ನೆಕ್ಕಿನೊಳಗಿನ ಲೋಹದ ಸರಳು, ಅಂದರೆ ಟ್ರಸ್ ರಾಡ್, ತಿರುಗಿಸಿ, ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ತಂತಿಯ ಎತ್ತರ ಹನ್ನೆರಡನೇ ಫ್ರೆಟ್ಟಿನಲ್ಲಿ ಆರನೇ ತಂತಿಗೆ 2.3, ಮೊದಲನೆಯದಕ್ಕೆ 1.7 ಮಿಮೀ. ಮಳೆಗಾಲ ಬಂದಾಗ ಮೇಲ್ಹಲಗೆ ಉಬ್ಬಿ ಈ ಅಂಕಿ ಅರ್ಧ ಮಿಮೀ ಏರುವುದುಂಟು. ಸ್ಯಾಡಲ್ ಉಜ್ಜಿ ಇಳಿಸಲು ಹೋಗದೆ ಎರಡನೇ ಸ್ಯಾಡಲ್ ಒಂದನ್ನು ತಗ್ಗಾಗಿ ಮಾಡಿಟ್ಟು, ಜೂನ್‌ಗೊಂದು, ಫೆಬ್ರವರಿಗೊಂದು ಎಂದು ಪೆನ್ಸಿಲಿನಿಂದ ಬರೆದು ಕೇಸಿನ ಜೇಬಿನಲ್ಲಿ ಹಾಕಿ ಕೊಡಿ.